ಕಪಾಟಿನೊಳಗಿನ ಭೂಮಿ

ನಾನೊಂದು ಗ್ಲೋಬು. ರದ್ದಿ ಕಾಗದವನ್ನು ನೆನೆಸಿ, ಕುಟ್ಟಿ, ಎರಡು ಬಟ್ಟಲು ಮಾಡಿ, ಬಾಯಿಗೆ ಬಾಯಿ ಕೂಡಿಸಿ, ಮೇಲೆ ಬಣ್ಣದ ನಕಾಶೆಯ ಪಟ್ಟಿ ಅಂಟಿಸಿದಾಗ ನನ್ನ ಜನನವಾಯಿತು. ಅಂಟಿಸಿದ ಹೆಂಗಸು ಕಂಬಿಗೆ ಸಿಕ್ಕಿಸಿ ಒಮ್ಮೆ ಗಿರ್ರನೆ ತಿರುಗಿಸಿದಳು.

ಅಲ್ಲಿಂದ ಬೆಳವಲಕೊಪ್ಪದ ಹೈಸ್ಕೂಲಿಗೆ ಬಂದೆ. ಹೆಡ್‌ಮಾಸ್ತರ ಕುಬಸದ ಸರ್ ನನ್ನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, "ಹುಡುಗರ ಕೈಗೆ ಸಿಕ್ರ ಮೂರು ದಿನ ಬಾಳಾಂಗಿಲ್ಲ" ಎಂದು ಒಂಬತ್ತನೇ ತರಗತಿಯ ಗಾಜಿನ ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ಹಿಂದೆ ಹಳೆಯ ಉತ್ತರಪತ್ರಿಕೆಗಳ ಕಟ್ಟು, ಮುಂದೆ ಗಾಜು. ತಿರುಗಲೆಂದೇ ಹುಟ್ಟಿದ ನನಗೆ ಮಗ್ಗುಲು ಬದಲಿಸಲೂ ಜಾಗವಿರಲಿಲ್ಲ. ಬಿಸಿಲು ಬಿದ್ದ ಕಡೆಯ ಕಡಲು ಬಿಳಿಚಿಕೊಂಡಿತು. ಇನ್ನರ್ಧ ಲೋಕ ಹಗಲನ್ನೇ ಕಾಣಲಿಲ್ಲ.

ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ, ಕೀಲಿ ತೆರೆಯುತ್ತಿತ್ತು. ಜವಾನ ಯಮನೂರಪ್ಪ ಮಿಂದು ಬಂದು, ಗಂಟೆಗೆ, ತಕ್ಕಡಿಗೆ, ನನಗೆ ವಿಭೂತಿ ಎಳೆದು ಕುಂಕುಮ ಹಚ್ಚುತ್ತಿದ್ದ. "ಭೂಮಿತಾಯಿ, ತಪ್ಪು ಹೊಟ್ಟ್ಯಾಗ ಹಾಕ್ಕೊಳವ್ವಾ" ಎಂದು ಕೈಮುಗಿದು ಮತ್ತೆ ಒಳಗಿಡುತ್ತಿದ್ದ. ಹೀಗೆ ಹನ್ನೊಂದು ವರ್ಷ. ಮುಖ ಒಂದೇ ಕಡೆ ಇದ್ದುದರಿಂದ ಕುಂಕುಮವೂ ಒಂದೇ ಕಡೆ ಬಿದ್ದು ಗಡ್ಡೆಗಟ್ಟಿತು. ದೇವರಾದವರ ಪಾಡೇ ಇಷ್ಟೇನೋ ಎಂದುಕೊಂಡು ಸುಮ್ಮನಿದ್ದೆ.

ಹನ್ನೆರಡನೇ ವರ್ಷದ ಜೂನಿನಲ್ಲಿ ಸಮಾಜ ವಿಜ್ಞಾನಕ್ಕೆ ಹೊಸ ಟೀಚರ್ ಬಂದರು. ಮೊದಲ ದಿನ ಕುರ್ಚಿಯಲ್ಲಿ ಕೂರದೆ ನಿಂತೇ ಹೇಳಿದರು:

"ನಾ ದಾನೇಶ್ವರಿ ಸೂಡಿ. ನಮ್ಮಪ್ಪ ಬಸ್ ಕಂಡಕ್ಟರ್, ಅದಕ್ಕ ಊರ ಹೆಸರೆಲ್ಲ ನನಗ ಬಾಯಿಪಾಠ. ನನ್ನ ಹತ್ರ ನಾಕು ಪಾಠ ಅದಾವ. ಇತಿಹಾಸ ಅಂದ್ರ ಮನ್ಯಾಗಿನ ಅಜ್ಜೀನ ಕುಂದ್ರಿಸಿ ಕೇಳೂದು. ಪೌರನೀತಿ ಅಂದ್ರ ನಳದಾಗ ನೀರು ಬರಲಿಲ್ಲಂದ್ರ ಯಾರನ್ನ ಕೇಳಬೇಕು ಅನ್ನೂದು. ಅರ್ಥಶಾಸ್ತ್ರ ನಿಮ್ಮವ್ವಗ ನನಗಿಂತ ಚೊಲೋ ಬರತೈತಿ. ಇನ್ನ ಭೂಗೋಳ..." ಅವರ ಕಣ್ಣು ನನ್ನ ಮೇಲೆ ನಿಂತಿತು. "ಈ ಕಪಾಟಿನ ಕೀಲಿ ಯಾರ ಕಡೆ ಐತಿ?"

"ಅದು ಪೂಜಾದ್ದು ರೀ ಟೀಚರ್," ಎಂದಳು ಮುಂದಿನ ಬೆಂಚಿನ ಕಸ್ತೂರೆವ್ವ. "ಅದನ್ನ ಮುಟ್ಟಿದ್ರ ಹೆಡ್‌ಮಾಸ್ತರು ನಮ್ಮನ್ನ ತಿರುಗಸ್ತಾರ!"

ಟೀಚರ್ ಹೋಗಿ ಕೇಳಿದಾಗ ಕುಬಸದ ಸರ್ ಒಲ್ಲದ ಮನಸ್ಸಿನಿಂದ ಕೀಲಿ ಕೊಟ್ಟರು. "ಒಂದು ತಾಸು ರೀ. ಒಂದು ಗೀರು ಬಿತ್ತಂದ್ರ ಇನ್ನ ಹೊರಗ ತಗಿಯೂ ಮಾತಾಡಬ್ಯಾಡ್ರಿ."

ನನ್ನ ಬಾಳೆಲ್ಲ ಆ ಒಂದು ತಾಸಿನ ಮೇಲೆ ನಿಂತಿತು.

"ನಮ್ಮೂರು ಎಲ್ಲೈತಿ, ತೋರಿಸ್ರಿ," ಎಂದರು ಟೀಚರ್.

ಕಸ್ತೂರೆವ್ವ ಕುಂಕುಮದ ಮಗ್ಗುಲಲ್ಲಿ ಬೆರಳಿಟ್ಟಳು. "ಇದು ಕೆಂಪು ದೇಶ ರೀ. ನಮ್ಮೂರು ಅದರ ಬಾಜೂಕ ಇರಬೇಕು."

ಯಾರೂ ನಗಲಿಲ್ಲ, ಗಾಜಿನಾಚೆಯಿಂದ ನೋಡಿದ ಎಲ್ಲರೂ ಹಾಗೆಯೇ ನಂಬಿದ್ದರು. ಟೀಚರ್ ಬಾಗಿಲ ಬಳಿಯಿದ್ದ ಯಮನೂರಪ್ಪನನ್ನು ಕರೆದರು. "ಯಣ್ಣಾ, ನೀವು ಹಚ್ಚಿದ್ದು, ನೀವೇ ತಗೀಬೇಕು."

ಅವನು ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಟವೆಲಿನ ತುದಿ ತೋಯಿಸಿ ಉಜ್ಜಿದ. ಕುಂಕುಮ ಬಂತು, ಅದರ ಬೆನ್ನಿಗೆ ಕಾಗದವೂ ಸುಲಿದು ಬಂತು. ಗದಗದಿಂದ ಕನ್ಯಾಕುಮಾರಿಯವರೆಗೆ ಉಳಿದದ್ದು ಬರೀ ಬಿಳಿ ರದ್ದಿ. "ಯವ್ವಾ, ಏನು ಮಾಡಿದ್ನಿ!" ಎಂದು ಅವನು ಗಲ್ಲ ಬಡಿದುಕೊಂಡ.

ಕುಬಸದ ಸರ್ ಬಂದು ಸುಲಿದ ಜಾಗವನ್ನು ಬೆರಳಿನಿಂದ ಸವರಿದರು. ಕೀಲಿಯ ಸದ್ದಿಗೆ ನಾನು ಕಿವಿಗೊಟ್ಟಿದ್ದೆ.

"ಭಿನ್ನ ಆತು," ಎಂದರು ಮೆಲ್ಲಗೆ. "ಭಿನ್ನ ಆದದ್ದನ್ನ ಪೂಜಾಕ್ಕ ಇಡಾಂಗಿಲ್ಲ. ಇನ್ನ ಕಪಾಟ್ಯಾಕ ಅದಕ್ಕ? ಹೊರಗ ಇಟ್ಕೋರಿ." ಹಾಗೆಂದು ಹೊರಟುಹೋದರು.

ಟೀಚರ್ ಪೆನ್ಸಿಲನ್ನು ಕಸ್ತೂರೆವ್ವನ ಕೈಗಿತ್ತರು. "ಬರಿ, ನಿಮ್ಮೂರನ್ನ ನೀನ ಬರಿ." ಅವಳು ಬರೆದ ಬೆಳವಲಕೊಪ್ಪದ ಕೆರೆ ಶ್ರೀಲಂಕೆಯನ್ನು ಮುಟ್ಟಿತು.

ಈಗ ನನಗೆ ಮುಪ್ಪು. ಕಂಬಿ ಬಾಗಿದೆ, ಅರ್ಧ ಆಫ್ರಿಕ ಮಕ್ಕಳ ಬೆರಳುಗಳಡಿ ಸವೆದುಹೋಗಿದೆ. ಕಿಟಕಿಯ ಕಟ್ಟೆಯೇ ನನ್ನ ಮನೆ. ಹುಣಸೆಹಣ್ಣಿನ ಕೈ, ಶೇಂಗಾ ಸಿಪ್ಪೆಯ ಕೈ, ಸೀಮೆಸುಣ್ಣದ ಕೈ, ಯಾವ ಕೈಯೂ ಅಪ್ಪಣೆ ಕೇಳುವುದಿಲ್ಲ. ಒಂದು ದಿನ ಯಾರದೋ ಕೈ ಜಾರಿ ಎರಡು ಹೋಳಾದೇನು. ಆಗಲಿ. ನನ್ನನ್ನು ಕೆಡಿಸಿ ಈ ಮಕ್ಕಳಿಗೆ ಕೊಟ್ಟೆಯಲ್ಲ ಶಿವನೇ, ಅಷ್ಟು ಸಾಕು.