ಹೊರಗಿನ ಚಿಲಕ

"ಆ ಡಬ್ಬಿ ಈ ಮನೆಯಲ್ಲಿ ಇರಬಾರದು ಅಂದ್ರೆ ಇರಬಾರದು. ನನ್ನ ಮಗ ಏನು ಬೀದೀಲಿ ಬಿದ್ದಿರೋನಾ?" ಎಂದು ಬಡಗಿ ಊಟದ ತಟ್ಟೆಯನ್ನು ಹಿಂದಕ್ಕೆ ತಳ್ಳಿದ.

"ಬೀದೀಲಿ ಅಲ್ಲ, ಮೊನ್ನೆ ಹಿತ್ತಲಲ್ಲಿ ಬಿದ್ದಿದ್ದ. ನೀವೇ ಎತ್ಕೊಂಡು ಬಂದ್ರಿ," ಎಂದಳು ಹೆಂಡತಿ.

"ಕೇಳಿದ್ಯೇನೋ ಮಾತು? ನಿನ್ನೆವರೆಗೆ ಮರಕ್ಕೆ ಪಾಲಿಶ್ ಹೊಡೀತಿದ್ದೋಳು, ಇವತ್ತು ಡಾಕ್ಟರಮ್ಮ ಆಗಿದ್ದಾಳೆ," ಎಂದು ಮೂಲೆಯಿಂದ ಬಡಗಿಯ ಅಕ್ಕ ಬೆಂಕಿಗೆ ತುಪ್ಪ ಸುರಿದಳು. ಗಂಡ ಸತ್ತ ಮೇಲೆ ತಮ್ಮನ ಮನೆ ಸೇರಿದ್ದ ಹೆಂಗಸು. ಆ ಮನೆಯಲ್ಲಿ ಕೊನೆಯ ಮಾತು ಅವಳದೇ.

ಜಗಳಕ್ಕೆ ಕಾರಣವಾದ ಡಬ್ಬಿ ಅಂಗೈಯಷ್ಟಿತ್ತು. ಅದರೊಳಗೆ ಮೂಗಿಗೆ ಹೊಡೆಯುವ ಔಷಧಿ. ನಶೆಯ ಪುಡಿಯನ್ನು ಸೂಜಿಯಲ್ಲಿ ಏರಿಸಿಕೊಂಡವನ ಉಸಿರು ಕಟ್ಟುತ್ತಾ ಬಂದರೆ, ಅದನ್ನು ಹೊಡೆದು, ಬಾಯಿಗೆ ಬಾಯಿಟ್ಟು ಉಸಿರು ಊದಿದರೆ ಜೀವ ಮರಳುತ್ತದೆ. ಕೊಟ್ಟವಳು ಸಂತೆ ಮೈದಾನದ ಆಚೆ ಇರುವ ಕೇಂದ್ರದ ನರ್ಸು. ಚಟ ಹತ್ತಿದವರಿಗೆ ಅಲ್ಲಿ ಹೊಸ ಸೂಜಿ ಕೊಟ್ಟು ಹಳೆಯದನ್ನು ವಾಪಸ್ ಪಡೆಯುತ್ತಾರೆ, ಹುಣ್ಣಿಗೆ ಪಟ್ಟಿ ಕಟ್ಟುತ್ತಾರೆ, ಬಿಡಬೇಕು ಅನ್ನುವವನಿಗೆ ಔಷಧಿ ಕೊಟ್ಟು ದಾರಿ ತೋರಿಸುತ್ತಾರೆ. ಬೀದಿಯವರು ಅದಕ್ಕೆ ಇಟ್ಟ ಹೆಸರು ಸೂಜಿ ಆಫೀಸು. ಮೊದಲು ಅದು ಇದೇ ಬೀದಿಯ ತುದಿಯಲ್ಲಿತ್ತು. ಮಾನವಂತರು ಇರುವ ಜಾಗ ಇದು ಎಂದು ಹಿರಿಯರೆಲ್ಲ ಸೇರಿ ಗಲಾಟೆ ಮಾಡಿ ಎಬ್ಬಿಸಿದ್ದರು. ಗುಂಪಿನ ಮುಂದೆ ನಿಂತವನು ಬಡಗಿ.

ಮಾನವಂತರ ಪದ್ಧತಿ ಬೇರೆಯೇ ಇತ್ತು. ಯಾರ ಮನೆಯ ಹುಡುಗ ಕೈತಪ್ಪಿದರೂ ಅವರು ವೈದ್ಯರನ್ನು ಕರೆಯುತ್ತಿರಲಿಲ್ಲ, ಬಡಗಿಯನ್ನು ಕರೆಯುತ್ತಿದ್ದರು. ಅವನು ಹೋಗಿ ಕೋಣೆಯ ಬಾಗಿಲಿಗೆ ಹೊರಗಿನಿಂದ ಗೇಣುದ್ದದ ಚಿಲಕ ಜಡಿದು, ಕೆಳಗೆ ತಟ್ಟೆ ತೂರುವಷ್ಟು ಕಿಂಡಿ ಕೊರೆದು ಬರುತ್ತಿದ್ದ. ಹುಡುಗ ಒಳಗೆ ವಾಂತಿ ಮಾಡಿಕೊಂಡು, ಗೋಡೆಗೆ ತಲೆ ಚಚ್ಚಿಕೊಂಡು, ಕೊನೆಗೆ ಸುಮ್ಮನಾಗುತ್ತಿದ್ದ. ಆಗ ಬಾಗಿಲು ತೆಗೆದು, ಬೀದಿಯವರನ್ನೆಲ್ಲ ಚಹಾಕ್ಕೆ ಕರೆದು, ನಮ್ಮ ಹುಡುಗ ಸರಿಹೋದ ಎಂದು ತೋರಿಸಬೇಕು. ಅಂಥ ಕೆಲಸಕ್ಕೆ ಬಡಗಿ ಕೂಲಿ ಮುಟ್ಟುತ್ತಿರಲಿಲ್ಲ. ಪುಣ್ಯದ ಕೆಲಸ ಎನ್ನುತ್ತಿದ್ದ.

ಅದೇ ಬೀದಿಯ ಡ್ರೈವರನ ಮಗ ಹಾಗೆ ಹೊರಬಂದ ಮಾರನೆಯ ದಿನವೇ ಸತ್ತ. ಹೃದಯ ನಿಂತುಹೋಯಿತು ಎಂದರು. ಮೈ ತೊಳೆಯಲು ಹೋಗಿದ್ದ ಬಡಗಿಯ ಹೆಂಡತಿ ಮೊಣಕೈ ಮಡಿಕೆಯಲ್ಲಿ ಸೂಜಿ ಚುಚ್ಚಿದ ಹೊಸ ಗಾಯ ಕಂಡಿದ್ದಳು. ಅದನ್ನು ಯಾರಿಗೂ ಹೇಳಲಿಲ್ಲ. ಇಂಥ ಮಾತನ್ನು ಬೀದಿಯಲ್ಲಿ ಯಾರೂ ಆಡುತ್ತಿರಲಿಲ್ಲ.

ಈಗ ಅವಳ ಮಗನ ಸರದಿ. ಅಪ್ಪನ ಮರಗೆಲಸದ ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಮೊಳೆ ಎಂದು ಕರೆಯುತ್ತಿದ್ದರು, ಅಷ್ಟು ಸಣಕಲ. ಆದರೆ ಅವನು ಕೂಡಿಸಿದ ಮರದ ಸಂದಿಯಲ್ಲಿ ಕೂದಲೂ ನುಗ್ಗುತ್ತಿರಲಿಲ್ಲ.

ಮಗನನ್ನು ಒಳಗೆ ತಳ್ಳಿ ಚಿಲಕ ಹಾಕಿದ ದಿನ ನರ್ಸು ತಾನಾಗಿ ಡಬ್ಬಿ ತೆಗೆದುಕೊಂಡು ಮನೆಗೆ ಬಂದಿದ್ದಳು. ಬಡಗಿ ಅವಳಿಗೆ ಕುಳಿತುಕೋ ಎನ್ನಲಿಲ್ಲ. ಅವಳು ನಿಂತುಕೊಂಡೇ ಹೇಳಿದಳು: "ಯಜಮಾನ್ರೇ, ಒಳಗಿದ್ದಷ್ಟು ದಿನ ಮೈ ಆ ಪುಡಿಯನ್ನ ಮರೆಯುತ್ತೆ. ಮನಸ್ಸು ಮರೆಯಲ್ಲ. ಹೊರಗೆ ಬಂದೋನು ಮೊದಲಿನಷ್ಟೇ ಏರಿಸ್ಕೊತಾನೆ, ಅದನ್ನ ತಡೆಯೋ ಶಕ್ತಿ ಮೈಯಲ್ಲಿ ಇರಲ್ಲ. ಬಾಗಿಲು ತೆಗೆದ ದಿನವೇ ಅಪಾಯ. ಅವನನ್ನ ಒಬ್ಬನೇ ಬಿಡಬೇಡಿ, ಡಬ್ಬಿ ಕೈಗೆ ಸಿಗೋ ಹಾಗೆ ಇಟ್ಕೊಳ್ಳಿ."

"ಸೂಜಿ ಹಂಚೋರು ನನಗೆ ಬುದ್ಧಿ ಹೇಳ್ತಾರೆ. ಬೆಂಕಿ ಹಚ್ಚಿದೋನೇ ಕೊಡ ಹೊತ್ಕೊಂಡು ಬಂದ ಹಾಗಾಯ್ತು."

"ಚಟ ಬಿಡಿಸೋಕೆ ನಾವೂ ಜೊತೆಗಿರ್ತೀವಿ. ಸತ್ತೋನಿಗೆ ಏನು ಬಿಡಿಸ್ತೀರಿ?"

ಶುಭ ನುಡಿಯದ ನಾಲಿಗೆ ಎಂದು ಅಕ್ಕ ಅವಳನ್ನು ಬಾಗಿಲವರೆಗೂ ಬೈಯುತ್ತಾ ಕಳಿಸಿದಳು. ಅಂದೇ ಡಬ್ಬಿಯ ಜಗಳವಾಡಿ ಊಟ ಬಿಟ್ಟೆದ್ದ ಬಡಗಿ ಅದನ್ನು ಕಿಸೆಗೆ ಹಾಕಿಕೊಂಡು ಹೋಗಿ, ಹತ್ತು ಜನರ ಎದುರಿಗೆ ನರ್ಸಿನ ಮೇಜಿನ ಮೇಲೆ ಕುಕ್ಕಿ ಬಂದ. ಇದು ಅಂಥ ಮನೆಯಲ್ಲ ಎಂದನಂತೆ.

ತಾಯಿ ತಟ್ಟೆ ತೂರಲು ಬಗ್ಗಿದಾಗ ಕಿಂಡಿಯಿಂದ ಮಗನ ದನಿ ಬಂತು. "ಅಮ್ಮ, ಡಬ್ಬಿ ಎಲ್ಲಿಟ್ಟಿದ್ದೀಯಾ?"

"ಅಪ್ಪ ವಾಪಸ್ ಕೊಟ್ರು ಕಣೋ."

ಒಳಗಿನಿಂದ ಒಂದು ಕೈ ತಟ್ಟೆಯನ್ನು ಎಳೆದುಕೊಂಡಿತು. ಆಮೇಲೆ, "ಹೋಗ್ಲಿ ಬಿಡು," ಎಂದ.

ಇನ್ನೊಂದು ತಂದಿಡಬೇಕೆಂದು ಅವಳು ದಿನವೂ ಅಂದುಕೊಂಡಳು. ಹೊಸ್ತಿಲು ದಾಟಿದರೆ ಅಕ್ಕ ಹಿಂದೆಯೇ ಇರುತ್ತಿದ್ದಳು. ಬಾಗಿಲು ತೆಗೆಯುವ ದಿನ ಬೆಳಿಗ್ಗೆ ಚಪ್ಪಲಿ ಮೆಟ್ಟಿಯೇಬಿಟ್ಟಿದ್ದಳು. ಮನೆತುಂಬ ಜನ ಬರೋ ಹೊತ್ತಿಗೆ ಇವಳ ಸವಾರಿ ಸೂಜಿ ಆಫೀಸಿಗಂತೆ ಎಂದು ಅಕ್ಕ ಗಂಟಲು ತೆಗೆದಳು. ಅವಳು ಚಪ್ಪಲಿ ಬಿಟ್ಟು ಒಲೆಯ ಮುಂದೆ ಕುಳಿತಳು.

ಜನ ಬಂದರು. ಮೊಳೆಯನ್ನು ಹೊಸ ಅಂಗಿಯಲ್ಲಿ ನಡುವೆ ಕೂರಿಸಿದರು. ಒಬ್ಬ ಅವನ ಗಲ್ಲ ಹಿಡಿದು ಎತ್ತಿ ನೋಡಿದ, ಎತ್ತಿನ ಹಲ್ಲು ನೋಡುವವನ ಹಾಗೆ. ಇನ್ನೊಬ್ಬ ಇನ್ನು ಮೇಲೆ ಅಪ್ಪನ ಮಾನ ಉಳಿಸಪ್ಪ ಎಂದ. ಬಡಗಿ ತನ್ನ ಚಿಲಕದ ಗುಣ ವರ್ಣಿಸುತ್ತಿದ್ದ. ಹುಡುಗ ಬೆವರುತ್ತಾ ಕುಳಿತಿದ್ದು, ಹಾಲು ಸಾಲದು, ತರ್ತೀನಿ ಎಂದು ಎದ್ದು ಹೋದ. ಹಾಲು ತಂದ. ತಾಯಿಯ ಕೈಗೆ ಕೊಟ್ಟು ಬಚ್ಚಲಿಗೆ ಹೋಗಿ ಒಳಗಿನಿಂದ ಬಾಗಿಲು ಹಾಕಿಕೊಂಡ.

ಹಾಲು ಕಾಯುವ ಮೊದಲೇ ಅವಳು ಎದ್ದು ಬಚ್ಚಲಿನ ಬಾಗಿಲಿಗೆ ಹೋದಳು. ಬಡಿದಳು, ಕೂಗಿದಳು. ಬಡಗಿ ಓಡಿಬಂದು ಭುಜ ಕೊಟ್ಟ. ಅವನದೇ ಕೈಕೆಲಸದ ಬಾಗಿಲು, ದಪ್ಪ ಹಲಗೆ, ಒಳಗೆ ಗಟ್ಟಿ ಚಿಲಕ. ಅಲುಗಲಿಲ್ಲ. ಅವನು ಉಳಿ ತರಲು ಕಾರ್ಖಾನೆಗೆ ಓಡಿದ. ಅವಳು ಬರಿಗಾಲಲ್ಲಿ ಸಂತೆ ಮೈದಾನದ ಆಚೆಗೆ ಓಡಿದಳು. ನರ್ಸು ಡಬ್ಬಿ ಹಿಡಿದು ಅವಳಿಗಿಂತ ಮುಂದೆ ಓಡಿಬಂದಳು, ಬಡಗಿ ಉಳಿಯಿಂದ ಒಡೆದಿದ್ದ ಬಾಗಿಲಲ್ಲಿ ನುಗ್ಗಿ ಮೂಗಿಗೆ ಹೊಡೆದಳು, ಎದೆ ಒತ್ತಿದಳು, ಊದಿದಳು. ಪಕ್ಕದಲ್ಲಿ ಸೂಜಿ ಬಿದ್ದಿತ್ತು, ತುಟಿ ಆಗಲೇ ನೀಲಿಯಾಗಿತ್ತು. ಕೇಂದ್ರ ಬೀದಿಯ ತುದಿಯಲ್ಲೇ ಇದ್ದಿದ್ದರೆ ಎಂದು ನರ್ಸು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ. ಅದನ್ನು ಅಲ್ಲಿಂದ ಎಬ್ಬಿಸಿದವರೆಲ್ಲ ಚಹಾದ ಲೋಟ ಹಿಡಿದು ಅಲ್ಲೇ ನಿಂತಿದ್ದರು.

ಎಲ್ಲ ಮುಗಿದ ಮೇಲೆ, ಕೇಳಲು ಬಂದವರಿಗೆಲ್ಲ ಬಡಗಿ ಹೃದಯ ನಿಂತುಹೋಯ್ತು ಎಂದ. ಅಕ್ಕನೂ ಅದನ್ನೇ ಅಂದಳು. ತಾಯಿ, ಮಗ ಅರ್ಧಕ್ಕೆ ಬಿಟ್ಟಿದ್ದ ಮೇಜಿಗೆ ಪಾಲಿಶ್ ಹೊಡೆಯುತ್ತಿದ್ದಳು.

ಒಂದು ದಿನ ಕ್ಷೌರಿಕ ಬಂದು ಕಾರ್ಖಾನೆಯ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತ. ಅವನ ಮಗನೂ ಹಿಡಿತ ತಪ್ಪಿದ್ದ, ಒಂದು ಚಿಲಕ ಬೇಕಿತ್ತು. ಬಡಗಿ ಎದ್ದು ಸಲಕರಣೆ ಚೀಲಕ್ಕೆ ಕೈಹಾಕಿದ.

ಅವಳು ಬ್ರಷ್ಷನ್ನು ಪಾಲಿಶ್ ಡಬರಿಯಲ್ಲಿ ಅದ್ದಿಟ್ಟು ಎದ್ದಳು.

"ಅಣ್ಣ, ನನ್ನ ಮಗನ ಹೃದಯ ಚೆನ್ನಾಗಿತ್ತು. ಡ್ರೈವರ್ ಮಗಂದೂ ಚೆನ್ನಾಗಿತ್ತು. ಚಿಲಕ ಹಾಕಿ, ಬಾಗಿಲು ತೆಗೆದು, ನಾವೇ ಕೊಂದ್ವಿ."

"ಬಾಯ್ಮುಚ್ಚೇ," ಎಂದ ಬಡಗಿ. ದನಿಯಲ್ಲಿ ಹಳೆಯ ಬಲವಿರಲಿಲ್ಲ. ಅವಳು ಚಪ್ಪಲಿ ಮೆಟ್ಟುವುದನ್ನು ಕಂಡು, "ಎಲ್ಲಿಗೆ?" ಎಂದ.

"ಡಬ್ಬಿ ತರೋಕೆ."

"ಯಾರಿಗೆ? ಇನ್ನು ಯಾರಿದ್ದಾರೆ ನಮಗೆ?"

"ಇವರ ಮಗ ಇದ್ದಾನಲ್ಲ," ಎಂದು ಅವಳು ಕ್ಷೌರಿಕನ ಕಡೆ ಕೈ ತೋರಿಸಿ, ಬೀದಿಗಿಳಿದಳು.

ಸಂಜೆಯೊಳಗೆ ಡಬ್ಬಿ ಕ್ಷೌರಿಕನ ಮನೆ ಸೇರಿತು. ಬಡಗಿಯ ಮನೆಗೆ ಅವಳು ಮತ್ತೆ ಬರಲಿಲ್ಲ. ಡಬರಿಯಲ್ಲಿ ಪಾಲಿಶ್ ಒಣಗಿ ಬ್ರಷ್ಷು ಕಲ್ಲಿನಂತೆ ಕಚ್ಚಿಕೊಂಡಿತು. ಅದನ್ನು ಕೀಳಲು ಬಡಗಿ ಕೈ ಹಾಕಲಿಲ್ಲ.