ಟಿಮಾಯಾ ಮನೆತನದ ಮೂರು ಸಹಿಗಳು

ಹೊನ್ನಮ್ಮ ಹಾವೇರಿಯ ನೋಂದಣಿ ಕಚೇರಿಯಲ್ಲಿ ಮೂವತ್ತೊಂದು ವರ್ಷ ನಕಲು ತೆಗೆದವರು. ಗೆದ್ದಲು ತಿಂದ ಖರೀದಿ ಪತ್ರ, ನೀರು ಬಿದ್ದು ಮಸಿ ಹರಡಿದ ಹಿಸ್ಸೆ ಪತ್ರ, ಲೇಖನಿ ಎತ್ತದೆ ಕೂಡಿಸಿ ಬರೆದ, ಯಾರಿಗೂ ಬಗೆಹರಿಯದ ಹಳೆಯ ಮೋಡಿ ಬರಹ, ಎಲ್ಲ ಕೊನೆಗೆ ಅವರ ಮೇಜಿಗೇ ಬರುತ್ತಿತ್ತು. ನಿವೃತ್ತಿಯಾದ ಮೇಲೆ ಮಗಳು ಇಂಚರಾಳ ಜೊತೆ ಇರಲು ಹೂಸ್ಟನ್ ಪಕ್ಕದ ಪೇರ್ಲ್ಯಾಂಡಿಗೆ ಬಂದರು. ಇಂಚರಾ ಮೆಡಿಕಲ್ ಸೆಂಟರಿನ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಇಲ್ಲಿ ಹೊನ್ನಮ್ಮನ ವಿದ್ಯೆಯನ್ನು ಕೇಳುವವರು ಯಾರೂ ಇರಲಿಲ್ಲ. ಅಂಗಡಿಯಲ್ಲಿ ರಸೀದಿಗೆ ಸಹಿ ಹಾಕುವಾಗಲೂ, "ಅವ್ವಾ, ಸುಮ್ನ ಒಂದು ಗೆರಿ ಎಳಿ, ಯಾರೂ ನೋಡಂಗಿಲ್ಲ" ಎನ್ನುತ್ತಿದ್ದಳು ಮಗಳು. ಹೊನ್ನಮ್ಮ ಗೆರೆ ಎಳೆಯುತ್ತಿರಲಿಲ್ಲ. ಹಿಂದೆ ಜನ ಕಾದರೂ ಪೂರ್ತಿ ಹೆಸರು ಬರೆಯುತ್ತಿದ್ದರು.

2016ರ ಬೇಸಿಗೆಯಲ್ಲಿ ಪಕ್ಕದ ಮನೆಗೆ ಎಲ್ವಿರಾ ಟಿಮಾಯಾ ಎಂಬ ಎಪ್ಪತ್ತೊಂದು ವರ್ಷದ ಹೆಂಗಸು ಬಂದರು. ನಿವೃತ್ತ ಶಾಲಾ ಶಿಕ್ಷಕಿ, ಮೆಕ್ಸಿಕನ್ ಮೂಲದವರು. ಬಂದ ಎರಡನೇ ವಾರವೇ ಒಂದು ಫೈಲು ಹಿಡಿದು ಬಾಗಿಲು ತಟ್ಟಿದರು.

"ನೀವು ಇಂಡಿಯಾದವರಲ್ಲವೇ? ನಮ್ಮ ತಾತನೂ ಅಲ್ಲಿಯವನೇ" ಎಂದರು. ಇಂಚರಾ ನಡುವೆ ಕುಳಿತು ಆ ಮಾತನ್ನು ತಾಯಿಗೆ ಕನ್ನಡದಲ್ಲಿ ಹೇಳುತ್ತಾ ಹೋದಳು. ತಾತ ಹಡಗಿನ ಕೆಲಸಗಾರ. ಇಲ್ಲಿನ ಬಂದರಿನಲ್ಲಿ ಇಳಿದವನು ಮತ್ತೆ ಹಡಗು ಹತ್ತಲಿಲ್ಲ. ಮೆಕ್ಸಿಕನ್ ಹುಡುಗಿಯನ್ನು ಮದುವೆಯಾಗಿ ಐದು ಮಕ್ಕಳ ತಂದೆಯಾದ. ಪೊಲೀಸರನ್ನು ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದನಂತೆ. ಹೀಗಾಗಿ ಅವನು ಸಾಯುವವರೆಗೂ ಕಾಗದಪತ್ರವಿಲ್ಲದೆ ಕದ್ದು ಬಾಳಿದವನು ಎಂದೇ ಮನೆಯವರು ನಂಬಿದ್ದರು. ಈ ಮಾತನ್ನು ಹೇಳುವಾಗ ಎಲ್ವಿರಾ ದನಿ ತಗ್ಗಿಸಿದರು.

ಆಮೇಲೆ ಫೈಲಿನಿಂದ ಒಂದು ಹಾಳೆ ತೆಗೆದರು. ಪೌರತ್ವ ಬೇಕೆಂದು ಬಯಸುವವನು ಮೊದಲು ಕೌಂಟಿ, ಅಂದರೆ ಇಲ್ಲಿನ ಜಿಲ್ಲಾ ಕೋರ್ಟಿನಲ್ಲಿ ಸಲ್ಲಿಸಬೇಕಿದ್ದ ಘೋಷಣೆ ಅದು, 1914ರದ್ದು. ಕೌಂಟಿಯ ಹಳೆಯ ದಾಖಲೆಗಳಲ್ಲಿ ಎರಡು ವರ್ಷ ಹುಡುಕಿದ ಮೇಲೆ ಸಿಕ್ಕಿದ್ದು. ಹೆಸರು ಟಿಮಾಯಾ, ವಯಸ್ಸು ಇಪ್ಪತ್ನಾಲ್ಕು, ಹುಟ್ಟಿದ ಊರು 'ಹಾನರ್, ಇಂಡಿಯಾ'. ಆ ಹೆಸರಿನ ಊರು ಯಾವ ನಕಾಶೆಯಲ್ಲೂ ಇರಲಿಲ್ಲ. ಕೆಳಗೆ ಸಹಿಯ ಜಾಗದಲ್ಲಿ ಸುರುಳಿ ಸುತ್ತಿದಂಥ ಒಂದು ಗೆರೆ.

"ಒಬ್ಬ ಪಂಜಾಬಿ ಡಾಕ್ಟರಿಗೆ ತೋರಿಸಿದೆ, ಒಬ್ಬ ಬಂಗಾಳಿ ಪ್ರೊಫೆಸರಿಗೆ ತೋರಿಸಿದೆ. ಬರಹ ಬಾರದವನು ಏನೋ ಗೀಚಿದ್ದಾನೆ ಎಂದರು."

ಹೊನ್ನಮ್ಮ ಕನ್ನಡಕ ಸರಿಮಾಡಿಕೊಂಡು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬೆರಳು ಗೆರೆಯ ಮೇಲೆ ನಿಧಾನವಾಗಿ ಸರಿಯಿತು, ನಿಂತಿತು, ಮತ್ತೆ ಸರಿಯಿತು.

"ಗೀಚಿದ್ದಲ್ರೀ ಇದು!" ಅವರ ದನಿ ಇಡೀ ಮನೆಗೆ ಕೇಳಿಸಿತು. "ಕನ್ನಡ ಐತಿ! ಇಂಚರಾ, ಹೇಳ ಅವರಿಗೆ. ಲೇಖನಿ ಎತ್ತದ ಬರದಾನ, ಅದಕ್ಕ ತಿಳಿದಿಲ್ಲ. ನೋಡಿಲ್ಲೆ, ಹೊನ್ನಾವರ ತಿಮ್ಮಯ್ಯ. ಮಕಾರದ ಒತ್ತು ಎಷ್ಟು ಚಂದ ಕೊಟ್ಟಾನ!"

ಇಂಚರಾ ಹೇಳುವ ಮೊದಲೇ ಎಲ್ವಿರಾ ಕೈ ಬಾಯಿಯ ಮೇಲೆ ಹೋಗಿತ್ತು. ತಿಮ್ಮಯ್ಯ ಎಂಬುದು ಟಿಮಾಯಾ ಆಗಿತ್ತು. ಹೊನ್ನಾವರ ಹಾನರ್ ಆಗಿತ್ತು.

"ಅಂದರೆ ಅವನಿಗೆ ಓದು ಬರಹ ಬರುತ್ತಿತ್ತೇ?"

"ಛಲೋ ಬರ್ತಿತ್ತು" ಎಂದರು ಹೊನ್ನಮ್ಮ.

ಅಷ್ಟಕ್ಕೇ ಬಿಡುವವರಲ್ಲ ಅವರು. ಅರ್ಜಿ ಕೊಟ್ಟವನು ಒಂದೇ ಕಾಗದಕ್ಕೆ ಸುಮ್ಮನಾಗುವುದಿಲ್ಲ ಎಂಬುದು ಕಚೇರಿಯಲ್ಲಿ ಕಲಿತ ಪಾಠ. ಮುಂದಿನ ಗುರುವಾರ ಇಂಚರಾ ರಜೆ ಹಾಕಿ ಇಬ್ಬರನ್ನೂ ಕೌಂಟಿಯ ದಾಖಲೆ ಕೋಣೆಗೆ ಕಾರಿನಲ್ಲಿ ಕರೆದುಕೊಂಡು ಹೋದಳು. ಎಲ್ವಿರಾ ಹಿಂದಿನಂತೆ ಹೆಸರುಗಳ ಪಟ್ಟಿಯಲ್ಲಿ 'ಟಿ' ಅಕ್ಷರ ತೆರೆದರು.

ಹೊನ್ನಮ್ಮ ಆ ಪಟ್ಟಿಯನ್ನು ಮುಚ್ಚಿಟ್ಟರು. "ಹೆಸರು ಬರದಾವ ಗುಮಾಸ್ತ. ಅಂವ ತನ್ನ ಕಿವಿಗೆ ಬಿದ್ದಂಗ ಬರೀತಾನ. ಸಹಿ ಮಾತ್ರ ತಿಮ್ಮಯ್ಯಂದ. ನಾವು ಸಹಿ ಹುಡುಕೋಣ."

ಪೌರತ್ವದ ಅರ್ಜಿಗಳ ದಪ್ಪ ಬೈಂಡಿನ ಪುಸ್ತಕಗಳು ಒಂದಾದ ಮೇಲೊಂದು ಮೇಜಿಗೆ ಬಂದವು. ಜರ್ಮನ್ ಬಡಗಿ, ಚೆಕ್ ರೈತ, ಇಟಲಿಯ ಹಣ್ಣಿನ ವ್ಯಾಪಾರಿ. ಹೊನ್ನಮ್ಮ ಮೇಲಿನದೇನನ್ನೂ ಓದದೆ ಪುಟದ ಬುಡವನ್ನಷ್ಟೇ ನೋಡುತ್ತ ತಿರುವಿದರು. ಊಟಕ್ಕೆ ಏಳಲಿಲ್ಲ. ಮಧ್ಯಾಹ್ನ ಎರಡರ ಸುಮಾರಿಗೆ, 1920ರ ಪುಸ್ತಕದಲ್ಲಿ, ಅವರ ಬೆರಳು ಗಕ್ಕನೆ ನಿಂತಿತು. ಗುಮಾಸ್ತ ಬರೆದ ಹೆಸರು 'ಟಾಮ್ ಏಯರ್'. ಕೆಳಗೆ ಅದೇ ಸುರುಳಿ, ಅದೇ ಒತ್ತು: ಹೊನ್ನಾವರ ತಿಮ್ಮಯ್ಯ.

ಅಂಚಿನಲ್ಲಿ ಕೆಂಪು ಮಸಿಯ ಎರಡು ಸಾಲಿದ್ದವು. ಇಂಚರಾ ಓದಿದಳು: ಅರ್ಜಿದಾರ ಬಿಳಿಯನಲ್ಲವಾದ್ದರಿಂದ ತಿರಸ್ಕರಿಸಲಾಗಿದೆ.

ಎಲ್ವಿರಾ ಕಣ್ಣೊರೆಸಿಕೊಂಡು ಚೀಲ ಎತ್ತಿಕೊಂಡರು. "ಸಾಕು, ಮನೆಗೆ ಹೋಗೋಣ."

"ಕೂಡ್ರಿ" ಎಂದರು ಹೊನ್ನಮ್ಮ. "ಇಷ್ಟು ತಿದ್ದಿ ಸಹಿ ಮಾಡಾವ ಒಂದು ಸಲ ಇಲ್ಲ ಅಂದ್ರ ಬಿಡಾಂವಲ್ಲ."

ಅವತ್ತು ಸಿಗಲಿಲ್ಲ. ಮುಂದಿನ ಗುರುವಾರವೂ ಸಿಗಲಿಲ್ಲ. ಮೂರನೇ ಗುರುವಾರ ಇಂಚರಾಳೇ, 1946ರಲ್ಲಿ ಕಾನೂನು ಬದಲಾಗಿ ಭಾರತೀಯರಿಗೂ ಪೌರತ್ವ ಸಿಗುವಂತಾಯಿತು ಎಂಬುದನ್ನು ಎಲ್ಲೋ ಓದಿ ಬಂದಿದ್ದಳು. ಅದರ ನಂತರದ ಪುಸ್ತಕಗಳನ್ನು ತರಿಸಿದರು. 1948ರ ಮಾರ್ಚ್ ತಿಂಗಳಲ್ಲಿ 'ತಿಮಿಯಾ' ಎಂಬ ಹೆಸರಿನ ಕೆಳಗೆ ಮೂರನೆಯ ಸಹಿ ಕಾದಿತ್ತು. ಗೆರೆ ಈಗ ಸ್ವಲ್ಪ ನಡುಗುತ್ತಿತ್ತು. ಆದರೂ ಒತ್ತು ತಪ್ಪಿರಲಿಲ್ಲ, ಊರಿನ ಹೆಸರು ಬಿಟ್ಟಿರಲಿಲ್ಲ. ಐವತ್ತೆಂಟನೆಯ ವಯಸ್ಸಿನಲ್ಲಿ ಅವನು ಪ್ರಮಾಣವಚನ ಸ್ವೀಕರಿಸಿ ಅಮೆರಿಕದ ಪ್ರಜೆಯಾದದ್ದಕ್ಕೆ ನ್ಯಾಯಾಧೀಶರ ಮೊಹರು ಸಾಕ್ಷಿಯಾಗಿತ್ತು.

"ಕದ್ದು ಬಾಳಲಿಲ್ಲ" ಎಂದರು ಎಲ್ವಿರಾ. "ಮೂರು ಸಲ ಕೋರ್ಟಿನ ಬಾಗಿಲಿಗೇ ಹೋಗಿ ನಿಂತಿದ್ದ."

ಅಕ್ಟೋಬರಿನಲ್ಲಿ ಹೂಸ್ಟನ್ನಿನ ಒಂದು ಪಾರ್ಕಿನಲ್ಲಿ ಟಿಮಾಯಾ ಕುಟುಂಬ ಸೇರಿತು. ಡಲ್ಲಾಸಿನಿಂದ, ಆಸ್ಟಿನ್ನಿನಿಂದ ಮಕ್ಕಳು ಮೊಮ್ಮಕ್ಕಳು ಬಂದು ನಲವತ್ತಕ್ಕೂ ಮಿಕ್ಕಿ ಜನ. ಎಲ್ವಿರಾ ಮೂರು ಕಾಗದಗಳನ್ನೂ ದೊಡ್ಡದಾಗಿ ಪ್ರಿಂಟ್ ಮಾಡಿಸಿ ಮರದ ಕೆಳಗೆ ನಿಲ್ಲಿಸಿದ್ದರು. ಹೊನ್ನಮ್ಮ ಇಳಕಲ್ ಸೀರೆ ಉಟ್ಟು ಬಂದಿದ್ದರು. "ನಮ್ಮ ತಾತನನ್ನು ಓದಿದವರು ಇವರೇ" ಎಂದು ಎಲ್ವಿರಾ ಪರಿಚಯಿಸಿದಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಾವೇರಿಯ ಕಚೇರಿಯಲ್ಲಿ ಬೀಳ್ಕೊಡುಗೆಯ ದಿನವೂ ಯಾರೂ ಅವರಿಗಾಗಿ ಹಾಗೆ ಎದ್ದು ನಿಂತಿರಲಿಲ್ಲ.

ಇಂಚರಾ ತಾಯಿಯ ಕೈ ಹಿಡಿದಳು. "ಅವ್ವಾ, ನೀ ಏನರ ಮಾತಾಡು. ಕನ್ನಡದಾಗ ಆಡು, ನಾ ಹೇಳ್ತೇನಿ."

ಹೊನ್ನಮ್ಮ ಗಂಟಲು ಸರಿಪಡಿಸಿಕೊಂಡರು. "ಭಾಳ ಮಂದಿ ಸಹಿ ನೋಡೀನ್ರಿ ನಾ. ಹೊಲ ಮಾರಾವರ ಸಹಿ, ಮನಿ ಬಿಡಾವರ ಸಹಿ. ಮೂವತ್ನಾಲ್ಕು ವರ್ಷದಾಗ ಒಂದಕ್ಷರ ಬದಲಾಗದ ಸಹಿ ಇದೊಂದ. ಗುಮಾಸ್ತರು ಬ್ಯಾರೆ ಬ್ಯಾರೆ ಹೆಸರಿಟ್ರು. ಅಂವ ತನ್ನ ಹೆಸರು ತಾನ ಇಟ್ಟುಕೊಂಡ."

ಮುಂದಿನ ಸಾಲಿನಲ್ಲಿ ತಿಮ್ಮಯ್ಯನ ಕೊನೆಯ ಮಗ ರಾಫೆಲ್ ಗಾಲಿಕುರ್ಚಿಯಲ್ಲಿದ್ದರು. ಎಂಬತ್ತೆಂಟು ವರ್ಷ. ಅಪ್ಪನ ಬಗ್ಗೆ ಯಾರು ಕೇಳಿದರೂ ಬಾಯಿ ಬಿಡುತ್ತಿರಲಿಲ್ಲವಂತೆ. ಅವರು ಕೈಯಾಡಿಸಿ ಹೊನ್ನಮ್ಮನನ್ನು ಹತ್ತಿರ ಕರೆದು ಸಹಿಯತ್ತ ಬೆರಳು ಮಾಡಿದರು. ಮತ್ತೊಮ್ಮೆ ಓದಿ ಎಂದರ್ಥ.

"ಹೊನ್ನಾವರ ತಿಮ್ಮಯ್ಯ" ಎಂದು ಹೊನ್ನಮ್ಮ ಬಿಡಿಸಿ ಬಿಡಿಸಿ ಓದಿದರು.

ಮುದುಕರು ತುಟಿ ಜೋಡಿಸಿ ಪ್ರಯತ್ನಿಸಿದರು. ಎರಡು ಸಲ ಜಾರಿತು. ಮೂರನೆಯ ಸಲ, ಒತ್ತಿನ ಸಮೇತ, ಗಟ್ಟಿಯಾಗಿ ಹೇಳಿದರು: "ತಿಮ್ಮಯ್ಯ. ನನ್ನ ಅಪ್ಪ." ಆಮೇಲೆ ಕುರ್ಚಿಯನ್ನು ಮಕ್ಕಳ ಕಡೆ ತಿರುಗಿಸಲು ಹೇಳಿ, ಒಬ್ಬೊಬ್ಬರನ್ನೇ ಕರೆದು ಆ ಹೆಸರನ್ನು ಹೇಳಿಸತೊಡಗಿದರು.