ಇಪ್ಪತ್ತೆರಡು ಹಾಲ್‌ಟಿಕೆಟ್

ಕ್ಲಾರಾ ಟೀಚರ್ ಶವದ ಕೋಟಿನ ಎಡಜೇಬಿಗೆ ಕೈ ಹಾಕಿದಾಗ, ಜಪಸರ ಹಿಡಿದು ಸುತ್ತ ಕುಳಿತಿದ್ದ ಹೆಂಗಸರು ಪ್ರಾರ್ಥನೆಯನ್ನು ಅರ್ಧಕ್ಕೇ ನಿಲ್ಲಿಸಿದರು. ಎಡಜೇಬಿನಲ್ಲಿ ಏನೂ ಇರಲಿಲ್ಲ. ಬಲಜೇಬಿನಲ್ಲಿ ಸವೆದುಹೋದ ಒಂದು ನುಸಿಗುಳಿಗೆ ಸಿಕ್ಕಿತು. ಒಳಜೇಬನ್ನು ನೋಡಬೇಕಾದರೆ ಎದೆಯ ಮೇಲೆ ಜೋಡಿಸಿದ್ದ ಕೈಗಳನ್ನು ಎತ್ತಬೇಕಿತ್ತು. ಅವಳು ಎತ್ತಿದಳು.

"ಎಂತ ಮಾಡುವುದು ನೀನು?" ಮೂಲೆಯಲ್ಲಿದ್ದ ಮುದುಕಿಯೊಬ್ಬಳು ಕೇಳಿದಳು.

"ಕೀ ಹುಡುಕುವುದು. ಶಾಲೆಯ ಕಪಾಟಿನ ಕೀ. ಕೊರಳ ದಾರದಲ್ಲಿಲ್ಲ, ನಿನ್ನೆಯ ಅಂಗಿಯಲ್ಲೂ ಇಲ್ಲ."

"ಇವತ್ತು ಶಾಲೆಗೆ ರಜೆ ಅಲ್ವಾ? ಪಾದ್ರಿಗಳು ಬೆಳಗಿನ ಪೂಜೆಯಲ್ಲಿ ಹೇಳಿದ್ದಾರೆ."

"ಶಾಲೆಗೆ ರಜೆ. ಸರಕಾರದ ಪರೀಕ್ಷೆಗೆ ಯಾರು ರಜೆ ಕೊಡುವುದು?"

ಒಳಜೇಬಿನಲ್ಲೂ ಇರಲಿಲ್ಲ. ಅದು ಹೆಡ್ ಮಾಸ್ಟ್ರು ಸ್ಟ್ಯಾನಿಸ್ಲಾಸ್ ಮಥಾಯಸರ ಮದುವೆಯ ಕೋಟು. ಮೂವತ್ತು ವರ್ಷಗಳ ಹಿಂದೆ ಹೊಲಿಸಿದ್ದು. ಹೊಟ್ಟೆಯ ಮೇಲೆ ಗುಂಡಿ ಕೂರದೆ, ಬೆನ್ನಿನ ಕಡೆ ಸೀಳಿ ಹೇಗೋ ತೊಡಿಸಿದ್ದರು. ನಿನ್ನೆ ಸಂಜೆ ಶಾಲೆಯಿಂದ ಬಂದು ಜಗಲಿಯಲ್ಲಿ ಕುಳಿತವರು ನೀರು ಕೇಳಿದ್ದರು. ಹೆಂಡತಿ ಆನಿಬಾಯಿ ಬಾವಿಯಿಂದ ತಣ್ಣೀರು ತರುವಷ್ಟರಲ್ಲಿ ತಲೆ ವಾಲಿತ್ತು.

ಗಂಟೆ ಏಳೂಹತ್ತು. ಇವತ್ತು ಎಂಟನೇ ತರಗತಿಯ ಪಬ್ಲಿಕ್ ಪರೀಕ್ಷೆಯ ಮೊದಲ ದಿನ. ಹತ್ತಕ್ಕೆ ಒಂದು ಪೇಪರು, ಎರಡಕ್ಕೆ ಇನ್ನೊಂದು. ಕೇಂದ್ರ ಕಾಪುವಿನಲ್ಲಿ. ಶಂಕರಪುರದಿಂದ ಎಂಟೂಕಾಲರ ಬಸ್ಸು ಹಿಡಿದು ಕಟಪಾಡಿಯಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಬೇಕು. ಇಪ್ಪತ್ತೆರಡು ಮಕ್ಕಳ ಹಾಲ್‌ಟಿಕೆಟ್ ಹೆಡ್ ಮಾಸ್ಟ್ರ ಕಪಾಟಿನಲ್ಲಿತ್ತು. ಅವರು ಅದನ್ನು ಮಕ್ಕಳ ಕೈಗೆ ಮೊದಲೇ ಕೊಡುತ್ತಿರಲಿಲ್ಲ, ಪರೀಕ್ಷೆಯ ಗೇಟಿನಲ್ಲೇ ಹಂಚುತ್ತಿದ್ದರು. ಟಿಕೆಟ್ ಇಲ್ಲದವರನ್ನು ಒಳಗೆ ಬಿಡುವುದಿಲ್ಲ. ಪರೀಕ್ಷೆ ತಪ್ಪಿದರೆ ಒಂದು ವರ್ಷ ಹೋಯಿತು. ಹೆಣ್ಣುಮಕ್ಕಳಿಗಾದರೆ ಓದೇ ಹೋಯಿತು, ಮರುವರ್ಷ ಅವರನ್ನು ಯಾರೂ ಕಳುಹಿಸುವುದಿಲ್ಲ.

ಅಂಗಳದಲ್ಲಿ ಉಮಾನಾಥ ಮಾಸ್ಟ್ರು ಮಕ್ಕಳನ್ನು ತೆಂಗಿನಮರದ ನೆರಳಿಗೆ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಶಾಲೆಯಲ್ಲಿ ಉಳಿದ ಎರಡನೇ ಶಿಕ್ಷಕರೆಂದರೆ ಅವರೇ. ಕನ್ನಡ ವ್ಯಾಕರಣದ ಮುಂದೆ ಹುಲಿ, ಬಸ್ ಕಂಡಕ್ಟರನ ಮುಂದೆ ಇಲಿ.

"ಸಿಕ್ಕಿತಾ ಟೀಚರ್?"

"ಇಲ್ಲ. ಬೀಗ ಒಡೆಸುವ."

ಮನೆಯ ಪಕ್ಕದಲ್ಲಿ ಬಡಗಿ ಇಮ್ಯಾನುಯೆಲ್ ಶವಪೆಟ್ಟಿಗೆಯ ಹಲಗೆಗಳನ್ನು ಹತ್ತಡದಿಂದ ಉಜ್ಜಿ ನುಣುಪು ಮಾಡುತ್ತಿದ್ದ. ಅವನು ತಲೆ ಎತ್ತದೆ ಹೇಳಿದ: "ಆ ಕಪಾಟು ನನ್ನ ಅಪ್ಪ ಮಾಡಿದ್ದು ಟೀಚರ್. ಹಳೇ ಸಾಗುವಾನಿ, ಮೇಲಿಂದ ಕಬ್ಬಿಣದ ಪಟ್ಟಿ. ಈಗ ಶುರು ಮಾಡಿದರೆ ಮಧ್ಯಾಹ್ನಕ್ಕೆ ಬಿಡಿಸಿಯೇನು. ಆಮೇಲೆ ಮಾಸ್ಟ್ರನ್ನು ಎಂತದರಲ್ಲಿ ಮಲಗಿಸುವುದು?"

ಕ್ಲಾರಾಳಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ. ಸತ್ತವರ ಮೇಲೆಯೇ ಇರಬೇಕು. "ಟಿಕೆಟನ್ನು ಮಕ್ಕಳಿಗೇ ಕೊಟ್ಟುಬಿಟ್ಟಿದ್ದರೆ ಈ ಗೋಳು ಇರುತ್ತಿತ್ತಾ?" ಎಂದಳು.

"ಅವರು ಕೊಡದೆ ಇಟ್ಟುಕೊಳ್ಳುವುದು ನನ್ನಿಂದಾಗಿ ಟೀಚರ್," ಎಂದ ಪಕ್ಕದಲ್ಲಿದ್ದ ಕರುಣಾಕರ. ಅವನು ಇದೇ ಶಾಲೆಯಲ್ಲಿ ಓದಿ ಈಗ ಮಣಿಪಾಲದಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸದಲ್ಲಿದ್ದ. ಸುದ್ದಿ ತಿಳಿದು ಬೆಳಿಗ್ಗೆಯೇ ಬಂದಿದ್ದ. ಇಪ್ಪತ್ತೆರಡು ಮಂದಿಯಲ್ಲಿ ಅವನ ತಂಗಿ ಚಂಪಾ ಕೂಡ ಇದ್ದಳು.

*

ಐದು ವರ್ಷದ ಹಿಂದೆ, ಐವತ್ತೆಂಟರಲ್ಲಿ, ಕರುಣಾಕರ ಹಾಲ್‌ಟಿಕೆಟನ್ನು ಮನೆಯ ಕಿಟಕಿಯಲ್ಲಿ ಇಟ್ಟಿದ್ದ. ಅವನ ತಾಯಿಗೆ ಓದು ಬರುತ್ತಿರಲಿಲ್ಲ. ಆವತ್ತು ಕಟ್ಟಿದ ಮಲ್ಲಿಗೆಯನ್ನು ಬಾಳೆಲೆಯಲ್ಲಿ ಸುತ್ತುವಾಗ, ಹೂವಿನ ನೀರು ಹೀರಲಿ ಎಂದು ಕೈಗೆ ಸಿಕ್ಕಿದ ಆ ಕಾಗದವನ್ನು ಎಲೆಯೊಳಗೆ ಹಾಸಿದಳು. ಹೂವಿನ ಕಟ್ಟು ಹನ್ನೊಂದರ ಬಸ್ಸಿನಲ್ಲಿ ಕಟಪಾಡಿಗೆ ಹೋಯಿತು. ಆವತ್ತು ಎರಡು ಗಂಟೆಗೆ ಒಂದೇ ಪೇಪರು. ಮಕ್ಕಳನ್ನು ಮಧ್ಯಾಹ್ನದ ಬಸ್ಸಿಗೆ ಹತ್ತಿಸಲು ಬಂದ ಹೆಡ್ ಮಾಸ್ಟ್ರು ಬಿಳಿ ಅಂಗಿ, ಕಪ್ಪು ಟೈ ಹಾಕಿಕೊಂಡು ನಿಂತಿದ್ದರು. ಅವರು ಬೇರೆಲ್ಲಿಗೋ ಹೊರಟವರೆಂದು ಮಕ್ಕಳಿಗೆ ಗೊತ್ತಾಗಿತ್ತು, ಎಲ್ಲಿಗೆಂದು ಗೊತ್ತಿರಲಿಲ್ಲ.

ಕರುಣಾಕರ ಅಳುತ್ತಾ ವಿಷಯ ಹೇಳಿದ. ಅವರು ಬೈಯಲಿಲ್ಲ. ಟೈಯನ್ನು ಹೆಗಲಿನ ಹಿಂದಕ್ಕೆ ಎಸೆದುಕೊಂಡು, ಅವನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಕಟಪಾಡಿಗೆ ತುಳಿದರು. ಅಲ್ಲಿ ಮಂಗಳೂರಿನ ಬಸ್ಸಿಗೆ ಕಾದಿದ್ದ ಹೂವಿನ ರಾಶಿಯ ಮುಂದೆ ಕುಳಿತು ಒಂದೊಂದೇ ಕಟ್ಟು ಬಿಚ್ಚಿದರು. ಹೂವಿನವರು ಕೈ ಹಿಡಿದು ಎಳೆದರು, ಬೈದರು. "ಬಿಚ್ಚಿದ್ದನ್ನೆಲ್ಲ ನಾನೇ ಕಟ್ಟಿ ಕೊಡ್ತೇನೆ ಮಾರಾಯ್ರೇ, ನೀವು ಬಸ್ಸು ಮಾತ್ರ ಹಿಡಿದು ನಿಲ್ಲಿಸಿ" ಎಂದರಂತೆ. ಮೂವತ್ತೊಂದನೇ ಕಟ್ಟಿನಲ್ಲಿ ಟಿಕೆಟ್ ಸಿಕ್ಕಿತು. ಅಕ್ಷರ ನೆನೆದು ಹರಡಿತ್ತು, ನಂಬರು ಉಳಿದಿತ್ತು. ಮತ್ತೆ ಸೈಕಲ್ ತುಳಿದು ಕಾಪು ಮುಟ್ಟಿದಾಗ ಎರಡಕ್ಕೆ ಐದು ನಿಮಿಷ.

"ಗೇಟಿನ ಹತ್ತಿರ ಬಗ್ಗಿ ನಿಂತು ಏದುಸಿರು ಬಿಡ್ತಾ ಇದ್ದರು," ಎಂದ ಕರುಣಾಕರ. "ಹೋಗು ಹೋಗು ಅಂತ ಕೈ ಮಾತ್ರ ಮಾಡಿದರು. ಆಮೇಲೆ ಯಾರ ಕೈಗೂ ಟಿಕೆಟ್ ಮೊದಲೇ ಕೊಟ್ಟದ್ದಿಲ್ಲ."

*

ಕ್ಲಾರಾ ಒಳಗೆ ಬಂದಳು. ಏಳೂನಲವತ್ತು. ಹೆಂಗಸರು ಮತ್ತೆ ಪ್ರಾರ್ಥನೆ ಹಿಡಿದಿದ್ದರು. ಆನಿಬಾಯಿ ಗಂಡನ ತಲೆಯ ಬಳಿ ಮಣೆಯ ಮೇಲೆ ಕುಳಿತಿದ್ದಳು. ಅಳುತ್ತಿರಲಿಲ್ಲ. ಜಪಸರವನ್ನು ಎಡಗೈಯಲ್ಲಿ ಹಿಡಿದಿದ್ದಳು. ಬಲಗೈ ಮುಷ್ಟಿಯಾಗಿ ಮಡಿಲಲ್ಲಿತ್ತು. ನಿನ್ನೆ ರಾತ್ರಿಯಿಂದ ಆ ಮುಷ್ಟಿ ಹಾಗೆಯೇ ಇದ್ದುದು ಕ್ಲಾರಾಳಿಗೆ ಈಗ ನೆನಪಾಯಿತು. ಕೀಯನ್ನು ಹೆಡ್ ಮಾಸ್ಟ್ರು ಕೊರಳಿನ ದಾರಕ್ಕೆ ಕಟ್ಟಿಕೊಳ್ಳುತ್ತಿದ್ದರು. ಸ್ನಾನ ಮಾಡಿಸಿ ಬಟ್ಟೆ ತೊಡಿಸಿದವಳು ಆನಿಬಾಯಿಯೇ.

ಕ್ಲಾರಾ ಪಕ್ಕದಲ್ಲಿ ನೆಲಕ್ಕೆ ಕುಳಿತು ಕೊಂಕಣಿಯಲ್ಲಿ ಮೆಲ್ಲಗೆ ಕೇಳಿದಳು: "ಬಾಯಿ, ಕೀ ನಿಮ್ಮ ಹತ್ತಿರ ಉಂಟಾ?"

"ಉಂಟು."

"ಕೊಡಿ."

"ಇಲ್ಲ."

ಪ್ರಾರ್ಥನೆಯ ಧ್ವನಿ ತಗ್ಗಿತು. ಎಲ್ಲರ ಬಾಯಿ ಜಪದಲ್ಲಿ, ಕಿವಿ ಇಲ್ಲಿ.

"ಇಷ್ಟು ವರ್ಷದಲ್ಲಿ ಒಂದು ದಿನ ಪೂರ್ತಿ ಅವರು ಮನೆಯಲ್ಲಿ ಕುಳಿತದ್ದಿಲ್ಲ," ಎಂದಳು ಆನಿಬಾಯಿ. "ಭಾನುವಾರ ಶಾಲೆಯ ಹಂಚು. ಕ್ರಿಸ್ಮಸಿಗೆ ಶಾಲೆಯ ಬಾವಿಗೆ ದನ ಬಿದ್ದದ್ದು. ಇವತ್ತು ಮನೆಯಲ್ಲಿದ್ದಾರೆ. ಇವತ್ತೂ ಶಾಲೆ ಬಂತು, ಕೋಟಿನ ಜೇಬಿಗೆ ಕೈ ಹಾಕಿತು."

"ಮನೆಗೆ ಮಾರಿ, ಊರಿಗೆ ಉಪಕಾರಿ," ಎಂದು ಹಿಂದಿನಿಂದ ಯಾರೋ ನಿಟ್ಟುಸಿರಿಟ್ಟರು.

"ಮಕ್ಕಳಿಗೆ ಒಂದು ವರ್ಷ ಹೋಗ್ತದೆ ಬಾಯಿ."

"ಹೋಗಲಿ. ನನ್ನ ಅಮ್ಮನನ್ನು ಕಾರ್ಕಳದಲ್ಲಿ ಮಣ್ಣು ಮಾಡಿದ ದಿನ ನಿನಗೆ ಗೊತ್ತುಂಟಾ? ನೀನು ಮುಂದೆ ಹೋಗು, ಮಕ್ಕಳನ್ನು ಬಸ್ಸಿಗೆ ಹತ್ತಿಸಿ ಬರ್ತೇನೆ ಅಂದರು. ನಾಲ್ಕು ಗಂಟೆಗೆ ಅಮ್ಮನ ಮುಖಕ್ಕೆ ಬಟ್ಟೆ ಮುಚ್ಚಿದರು. ನಾನು ಬಾಗಿಲನ್ನೇ ನೋಡ್ತಾ ಇದ್ದೆ. ಆರು ಗಂಟೆಗೆ ಬಂದರು, ಮಣ್ಣು ಮುಚ್ಚಿದ ಮೇಲೆ. ಮೈಯೆಲ್ಲ ಮಲ್ಲಿಗೆಯ ಪರಿಮಳ. ಯಾವುದೋ ಹುಡುಗನ ಕಾಗದ ಹುಡುಕಲಿಕ್ಕೆ ಹೂವು ಬಿಚ್ಚಿದೆ ಅಂದರು. ನಗ್ತಾ ಹೇಳಿದರು ಕ್ಲಾರಾ. ಕಾಗದ ಸಿಕ್ಕಿದ ಖುಷಿಯಲ್ಲಿ."

ಕ್ಲಾರಾಳಿಗೆ ಆ ಹುಡುಗ ಅಂಗಳದಲ್ಲೇ ನಿಂತಿದ್ದಾನೆ ಎನ್ನಬೇಕೆನಿಸಿತು. ಹೇಳಿದರೆ ಏನು ಬಂತು? ಆನಿಬಾಯಿ ಹೇಳಿದ್ದು ನಿಜ. ಹನ್ನೆರಡು ವರ್ಷ ಜೊತೆಯಲ್ಲಿ ದುಡಿದವಳಿಗೆ ಆ ಮನುಷ್ಯ ಎಷ್ಟು ದೊಡ್ಡವರೆಂದು ಗೊತ್ತಿತ್ತು. ಆ ದೊಡ್ಡತನದ ಬಾಡಿಗೆಯನ್ನು ಯಾರು ಕಟ್ಟಿದರೆಂದು ಇವತ್ತಿನವರೆಗೆ ಕೇಳಿಕೊಂಡಿರಲಿಲ್ಲ. ಅವಳಿಗೆ ನಾಚಿಕೆಯಾಯಿತು.

ಅವಳು ಇಷ್ಟೇ ಎಂದಳು: "ಬಸ್ಸು ಎಂಟೂಕಾಲಕ್ಕೆ."

ಆನಿಬಾಯಿ ಬಾಗಿಲಿನಾಚೆ ನಿಂತ ಮಕ್ಕಳ ಕಡೆ ನೋಡಿದಳು. ಹೊರಗೆ ಉಮಾನಾಥ ಮಾಸ್ಟ್ರು ಕೆಮ್ಮಿದರು.

"ಎಷ್ಟು ಗಂಟೆಗೆ ವಾಪಸು ಬರ್ತಾರೆ?"

"ಐದಾಗಬಹುದು. ಐದೂಕಾಲು."

"ಮಣ್ಣು ನಾಲ್ಕಕ್ಕೆ."

"ಹೌದು."

"ಹಾಗಾದರೆ ಇವರೂ ಮುಚ್ಚಿದ ಮೇಲೆ ಬರ್ತಾರೆ."

ಕ್ಲಾರಾ ತಲೆ ತಗ್ಗಿಸಿದಳು. ಆನಿಬಾಯಿ ಮುಷ್ಟಿ ಬಿಡಿಸಿದಳು. ಅಂಗೈಯಲ್ಲಿ ಕೀಯ ಹಲ್ಲು ಕೆಂಪಗೆ ಮೂಡಿತ್ತು.

ಆಮೇಲೆಲ್ಲ ಓಟ. ಶಾಲೆಯ ಗುಡ್ಡೆ ಹತ್ತಿ, ಕಪಾಟು ತೆರೆದು, ದಾರದಿಂದ ಕಟ್ಟಿದ್ದ ಇಪ್ಪತ್ತೆರಡು ಟಿಕೆಟ್ ಎಣಿಸಿ ತಂದದ್ದಾಯಿತು. ಅಷ್ಟರಲ್ಲಿ ಮಕ್ಕಳು ಹೊಸ ತಗಾದೆ ತೆಗೆದಿದ್ದರು. ಸರ್ ಇಲ್ಲಿ ಮಲಗಿರುವಾಗ ಹೋಗುವುದಿಲ್ಲ ಎಂದು ಚಂಪಾ ಶುರು ಮಾಡಿದ್ದಳು, ಉಳಿದವರು ಹೂಂಗುಟ್ಟಿದ್ದರು. ಕರುಣಾಕರ ತಂಗಿಯ ಕೈ ಹಿಡಿದು ಬಸ್ಸಿನತ್ತ ನಡೆದ. "ನಾನು ಗೇಟಿನವರೆಗೆ ಬರ್ತೇನೆ. ನಡಿ. ಅಳುವುದಾದರೆ ಪೇಪರ್ ಬರೆದು ಅಳು," ಎಂದ. ಬಸ್ಸು ಹೊರಟಾಗ ಉಮಾನಾಥ ಮಾಸ್ಟ್ರು ಫುಟ್‌ಬೋರ್ಡಿನಲ್ಲಿ ನಿಂತು ಕಂಡಕ್ಟರನನ್ನು ಜೋರು ಮಾಡುತ್ತಿದ್ದರು.

*

ಕ್ಲಾರಾ ಶಾಲೆಗೆ ಸೇರಿದ್ದು ಐವತ್ತೊಂದರ ಜೂನಿನಲ್ಲಿ. ಮೊದಲ ದಿನವೇ ಮೂರನೇ ತರಗತಿಯ ಬೆಂಚಿನ ಕೆಳಗೆ ನಾಗರಹಾವು ಕಂಡಿತು. ಮಕ್ಕಳೆಲ್ಲ ಕಿಟಕಿ ಹತ್ತಿದರು, ಅವಳೂ ಹತ್ತಿದಳು. ಹೆಡ್ ಮಾಸ್ಟ್ರು ಬಂದು, ಹಾವು ತಾನಾಗಿ ಹೊರಗೆ ಹೋಗುವವರೆಗೆ ಬಾಗಿಲ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತರು. ಮುಕ್ಕಾಲು ಗಂಟೆ.

"ಪಾಠದ ಟಿಪ್ಪಣಿ ಬರೆದು ತಂದಿದ್ದೆ ಸರ್," ಎಂದು ಅವಳು ಅಳುಮೋರೆ ಮಾಡಿದಾಗ ಅವರು ಹೇಳಿದ್ದರು: "ಇಟ್ಟುಕೊಳ್ಳಿ, ಮಳೆ ಬರದ, ಹಾವು ಬರದ, ಇನ್‌ಸ್ಪೆಕ್ಟರು ಬರದ ದಿನ ಪಾಠ ಮಾಡುವ. ಹೆಡ್ ಮಾಸ್ಟ್ರು ಅಂದರೆ ದೊಡ್ಡ ಹುದ್ದೆ ಅಂತ ತಿಳಿಯಬೇಡಿ. ಬೆಳಿಗ್ಗೆ ಬಾಗಿಲು ತೆಗೆದು ಮೊದಲು ಒಳಗೆ ಕಾಲಿಡುವವನು, ಅಷ್ಟೆ. ಹಾವಿದ್ದರೆ ಅವನಿಗೇ ಕಚ್ಚಬೇಕು."

ಆವತ್ತು ಅವಳು ನಕ್ಕಿದ್ದಳು. ನಾಳೆ ಬೆಳಿಗ್ಗೆ ಆ ಬಾಗಿಲನ್ನು ತಾನೇ ತೆಗೆಯಬೇಕು.

*

ಮೂರೂವರೆಗೆ ಇಗರ್ಜಿಯಿಂದ ಶಿಲುಬೆ ಬಂತು, ಕಪ್ಪು ಮೇಲುವಸ್ತ್ರ ತೊಟ್ಟ ಪಾದ್ರಿಗಳು ಬಂದರು. ಮಾರ್ಚಿನ ಸೆಕೆಗೆ ಅಂಗಳದ ಜನ ಟವೆಲಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಪ್ರಾರ್ಥನೆ ಮುಗಿಯಿತು. ಸಂಬಂಧಿಕರು ಒಬ್ಬೊಬ್ಬರಾಗಿ ಹಣೆಗೆ ಮುತ್ತಿಟ್ಟರು. ಇಮ್ಯಾನುಯೆಲ್ ಮುಚ್ಚಳ ಎತ್ತಿಕೊಂಡ.

"ಅದನ್ನು ಕೆಳಗಿಡು," ಎಂದಳು ಆನಿಬಾಯಿ.

ದುಃಖಕ್ಕೆ ಹೀಗೆನ್ನುತ್ತಿದ್ದಾಳೆಂದು ಹೆಂಗಸರು ಅವಳ ಹೆಗಲು ಹಿಡಿದರು. ಅವಳು ಕೈ ಸರಿಸಿದಳು. "ಕಾಪುವಿಗೆ ಹೋದ ಮಕ್ಕಳು ಬರಲಿಕ್ಕುಂಟು."

ಪಾದ್ರಿಗಳು ಹತ್ತಿರ ಬಂದರು. "ಆನಿಬಾಯಿ, ಊರಿನವರೆಲ್ಲ ಬೆಳಿಗ್ಗೆಯಿಂದ ಕಾದಿದ್ದಾರೆ. ನನಗೂ ಆರಕ್ಕೆ ಉಡುಪಿಗೆ ಹೋಗಲಿಕ್ಕುಂಟು. ಮಕ್ಕಳು ನಾಳೆ ಸಮಾಧಿಗೆ ಹೂವಿಡಲಿ."

"ಮುಚ್ಚಿದ ಮೇಲೆ ಬಂದರೆ ಹೇಗಾಗ್ತದೆ ಅಂತ ನಾನು ನೋಡಿದ್ದೇನೆ ಫಾದರ್."

ಪಾದ್ರಿಗಳು ಪ್ರಾರ್ಥನೆಯ ಪುಸ್ತಕ ಮುಚ್ಚಿ ಜಗಲಿಯಲ್ಲಿ ಕುಳಿತರು. ನಾಲ್ಕು ಹೊಡೆಯಿತು. ನಾಲ್ಕೂವರೆ ಆಯಿತು. ಜನ ಗೊಣಗಿದರು, ಕೆಲವರು ಬೀಡಿ ಸೇದಲು ಹೊರಗೆ ಹೋದರು. ಕ್ಲಾರಾ ಒಂದು ಕಡೆ ನಿಲ್ಲಲಾರದೆ ತಿರುವಿನವರೆಗೆ ಹೋಗಿ ಬಂದಳು, ಮತ್ತೆ ಹೋದಳು. ಕಟಪಾಡಿಯಲ್ಲಿ ಬಸ್ಸು ತಪ್ಪಿದರೆ? ಉಮಾನಾಥ ಮಾಸ್ಟ್ರು ಚಹಾಕ್ಕೆಂದು ಎಲ್ಲಾದರೂ ಕುಳಿತರೆ? ಐದೂಕಾಲು ದಾಟಿತು. ಅವಳನ್ನು ನಂಬಿ ಒಬ್ಬ ವಿಧವೆ ಇಡೀ ಊರನ್ನು ನಿಲ್ಲಿಸಿದ್ದಳು.

ಐದೂವರೆಗೆ ತಿರುವಿನಲ್ಲಿ ಧೂಳು ಎದ್ದಿತು. ಮಕ್ಕಳು ಓಡುತ್ತಾ ಬಂದವರು ಅಂಗಳಕ್ಕೆ ಕಾಲಿಟ್ಟೊಡನೆ ನಡೆಯತೊಡಗಿದರು, ಹೊಸ್ತಿಲ ಹೊರಗೆ ಸಾಲಾಗಿ ನಿಂತರು. ಬನ್ನಿ ಬನ್ನಿ ಎಂದು ಯಾರು ಕರೆದರೂ ಒಳಗೆ ಬರಲಿಲ್ಲ. ಎಲ್ಲರ ಕೈಯಲ್ಲೂ ಒಂದರೊಳಗೊಂದು ಮಡಚಿದ ಎರಡು ಪ್ರಶ್ನೆಪತ್ರಿಕೆ ಇತ್ತು. ಪರೀಕ್ಷೆ ಮುಗಿಸಿ ನೇರ ಇಲ್ಲಿಗೆ ಬಂದು ಪ್ರಶ್ನೆಪತ್ರಿಕೆಯನ್ನು ಹೆಡ್ ಮಾಸ್ಟ್ರ ಕೈಗೆ ಕೊಟ್ಟು, ಆಮೇಲೆ ತಂತಮ್ಮ ಮನೆಗೆ ಹೋಗುವುದು ರೂಢಿ. ಇವತ್ತು ಯಾರಿಗೆ ಕೊಡಬೇಕೆಂದು ಅವರಿಗೆ ತಿಳಿಯಲಿಲ್ಲ. ಕ್ಲಾರಾ ಕೈ ಚಾಚಲು ಹೊರಟವಳು ಹಿಂದೆ ಸರಿದಳು.

ಆನಿಬಾಯಿ ಮಣೆಯಿಂದ ಎದ್ದಳು. ಹೊಸ್ತಿಲಿಗೆ ಬಂದು ಮೊದಲ ಹುಡುಗಿಯ ಕೈಯಿಂದ ಕಾಗದ ತೆಗೆದುಕೊಂಡಳು. "ಹೋಗು, ನೋಡಿ ಬಾ," ಎಂದಳು, ತನಗೆ ಅಷ್ಟಾಗಿ ಬಾರದ ಕನ್ನಡದಲ್ಲಿ. ಎರಡನೆಯವನದು ತೆಗೆದುಕೊಂಡಳು. ಮೂರನೆಯವಳದು. ಒಬ್ಬೊಬ್ಬರೇ ಒಳಗೆ ಹೋಗಿ, ಶಾಯಿ ಹತ್ತಿದ ಬೆರಳುಗಳಿಂದ ಸತ್ತವರ ಕಾಲು ಮುಟ್ಟಿ ಹೊರಗೆ ಬಂದರು. ಸಾಲು ಮುಗಿಯಿತು. ಇಮ್ಯಾನುಯೆಲ್ ಮುಚ್ಚಳವನ್ನು ಎದೆಯವರೆಗೆ ಎತ್ತಿದ.

ಆನಿಬಾಯಿ ಕಾಗದದ ಮಡಿಕೆಗಳನ್ನು ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

"ಇಪ್ಪತ್ತೊಂದು," ಎಂದಳು. "ಒಬ್ಬರು ಯಾರು ಬಂದಿಲ್ಲ?"

"ಚಂಪಾ," ಎಂದ ಒಬ್ಬ ಹುಡುಗ. "ಅವಳ ಕಾಲಿಗೆ ಮುಳ್ಳು ಚುಚ್ಚಿದೆ. ಅಣ್ಣನ ಜೊತೆ ಹಿಂದೆ ಬರ್ತಾ ಇದ್ದಾಳೆ."

ಇಮ್ಯಾನುಯೆಲ್ ಪಾದ್ರಿಗಳ ಮುಖ ನೋಡಿದ. ಪಾದ್ರಿಗಳು ಕೈಗಡಿಯಾರ ನೋಡಿದರು, ಆಮೇಲೆ ನಿಲುವಂಗಿಯ ತೋಳನ್ನು ಅದರ ಮೇಲೆ ಎಳೆದುಕೊಂಡರು. ಇಮ್ಯಾನುಯೆಲ್ ಮುಚ್ಚಳವನ್ನು ಗೋಡೆಗೆ ಒರಗಿಸಿ ಇಟ್ಟು ಮೆಟ್ಟಿಲ ಮೇಲೆ ಕುಳಿತ.